ಡಾಸ್ ಬರೆದವರು ಯಾರು?

ಹೊಸಪೇಟೆಯಲ್ಲಿ ಹನಿ ಮಳೆ ಬೀಳದಿದ್ದರೂ ತುಂಗಭದ್ರಾ ಡ್ಯಾಂ ತುಂಬುವುದನ್ನು ನೋಡಿದ್ದೀರಲ್ಲ? ಅದು ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದ ನೀರು. ಮೈಕ್ರೋಸಾಫ್ಟ್ ಕಂಪನಿಯ ಮೊದಮೊದಲ ತಂತ್ರಾಂಶಗಳ ಕಥೆಯೂ ಹೀಗೇ ಇದೆ ಮಕ್ಕಳೇ.

1975ರಲ್ಲಿ ಬಿಲ್ ಗೇಟ್ಸ್, ಪಾಲ್ ಆಲನ್ ಕಂಪನಿ ಶುರುಮಾಡಿ ಮಾರಿದ್ದು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯನ್ನು. ಆ ಭಾಷೆಯನ್ನು 1964ರಲ್ಲೇ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ, ಕರ್ಟ್ಜ್ ಎಂಬ ಇಬ್ಬರು ಮೇಷ್ಟ್ರು ರೂಪಿಸಿದ್ದರು. ಅದನ್ನು ಪುಟ್ಟ ಆಲ್ಟೇರ್ ಯಂತ್ರದ 4 ಕಿಲೋಬೈಟ್ ಜಾಗದಲ್ಲಿ ಹಿಡಿಸಿದ ಜಾಣ್ಮೆ ಮಾತ್ರ ಗೇಟ್ಸ್ ಬಳಗದ್ದೇ.

1980ರಲ್ಲಿ ಐಬಿಎಂ ತನ್ನ ಹೊಸ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಬೇಕೆಂದಿತು. ಮೈಕ್ರೋಸಾಫ್ಟ್ ಬಳಿ ಅದು ಇರಲಿಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಎಂಬ ತರುಣ ಅಂಥದ್ದೊಂದನ್ನು ಅವಸರದಲ್ಲಿ ಬರೆದಿದ್ದ. ಮೈಕ್ರೋಸಾಫ್ಟ್ ಮೊದಲು ಬಳಸುವ ಪರವಾನಗಿ ಪಡೆದು, 1981ರ ಜುಲೈನಲ್ಲಿ 50,000 ಡಾಲರ್ ಕೊಟ್ಟು ಪೂರಾ ಕೊಂಡಿತು. ಅದೇ ಎಂಎಸ್-ಡಾಸ್. ಐಬಿಎಂಗೆ ಕೊಟ್ಟರೂ ಬೇರೆ ಕಂಪನಿಗಳಿಗೆ ಮಾರುವ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿತು. ನಿಜವಾದ ಚಾಲಾಕಿತನ ಅದೇ ಅನ್ನುತ್ತೇನೆ ನಾನು.

ಪ್ಯಾಟರ್ಸನ್ನನಾದರೂ ಎಲ್ಲವನ್ನೂ ತಾನೇ ಕಂಡುಹಿಡಿದನೇ? ಇಲ್ಲ. ಡಾಸ್‌ನ ಬಹಳಷ್ಟು ರೀತಿನೀತಿಗೆ ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ ಮಾದರಿ. ಫೈಲುಗಳ ಲೆಕ್ಕ ಇಡುವ 'ಫ್ಯಾಟ್' ಎಂಬ ಪಟ್ಟಿಯ ಉಪಾಯವನ್ನಂತೂ ಆತ ಕಂಡದ್ದು ಮೈಕ್ರೋಸಾಫ್ಟ್‌ನವರ ಬೇಸಿಕ್‌ನಲ್ಲೇ! ತಮ್ಮದೇ ಉಪಾಯ ದುಡ್ಡು ಕೊಟ್ಟ ಮೇಲೆ ವಾಪಸ್ ಬಂತು.

ಆ ಪಟ್ಟಿ ಹೀಗಿರುತ್ತದೆ. ಡಿಸ್ಕಿನ ಜಾಗವನ್ನು ಸಣ್ಣ ಸಮ ತುಂಡುಗಳಾಗಿ ಮಾಡಿ ನಂಬರು ಕೊಡುತ್ತಾರೆ. ಹಂಪಿಯ ಕಲ್ಲಿನ ರಥದ ಫೋಟೋ 7, 8, 15ನೇ ತುಂಡುಗಳಲ್ಲಿ ಕೂತಿದೆ ಎನ್ನೋಣ. ಪಟ್ಟಿಯಲ್ಲಿ 7ರ ಎದುರು '8', 8ರ ಎದುರು '15', 15ರ ಎದುರು 'ಮುಗಿಯಿತು' ಎಂದಿರುತ್ತದೆ. ಫೋಟೋ ಅಳಿಸಿದರೆ ಅಳಿಯುವುದು ಪಟ್ಟಿಯ ಗುರುತು ಮಾತ್ರ. ಆ ತುಂಡುಗಳಲ್ಲಿ ಬೇರೇನೂ ಬಂದು ಕೂರುವವರೆಗೆ ಚಿತ್ರ ಅಲ್ಲೇ ಇರುತ್ತದೆ. ಅಳಿಸಿದ ಫೋಟೋವನ್ನು ಕೆಲವೊಮ್ಮೆ ವಾಪಸ್ ತೆಗೆಯಲು ಆಗುವುದು ಇದರಿಂದಲೇ. ನಿಮ್ಮ ಪೆನ್‌ಡ್ರೈವ್‌ಗಳಲ್ಲಿ ಇಂದಿಗೂ ಬಹುಪಾಲು ಇದೇ ಪಟ್ಟಿಯ ಬೆಳೆದ ರೂಪ.

ಪವರ್‌ಪಾಯಿಂಟ್ ಕೂಡ ಡಾಸ್ ಹಾಗೆ ಮೈಕ್ರೋಸಾಫ್ಟ್ ಕೊಂಡದ್ದೇ, 1987ರಲ್ಲಿ, ಫೋರ್‌ಥಾಟ್ ಎಂಬ ಕಂಪನಿಯಿಂದ.

ನಮ್ಮ ಅಕ್ಷರದ್ದೂ ಒಂದು ಮಾತಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ಕನ್ನಡ ಫಾಂಟ್ 'ತುಂಗಾ'. ಅದನ್ನು ಬರೆದವರು ಮುಂಬೈನ ಅಕ್ಷರ ಕಲಾವಿದ ಆರ್. ಕೆ. ಜೋಶಿಯವರ ಬಳಗ. ಬರೀ ಚಂದದ ಅಕ್ಷರ ಬಿಡಿಸಿದರೆ ಸಾಲದು ನೋಡಿ. 'ಕಂಪ್ಲಿ' ಎಂದು ಒತ್ತಿದರೆ ಕಂಪ್ಯೂಟರಿನೊಳಗೆ ಸೇರುವುದು ಆರು ಸಂಕೇತಗಳು: ಕ, ಸೊನ್ನೆ, ಪ, ಅರ್ಧಾಕ್ಷರದ ಗುರುತು, ಲ, ಗುಡಿಸು. ಗುಡಿಸು ಬಂದದ್ದು ಲ ಆದಮೇಲೆ. ಆದರೂ ಅದು ಏರಬೇಕಾದ್ದು ಪ ಮೇಲೆ, ಲ ಕೆಳಗಿಳಿದು ಒತ್ತಾಗಬೇಕು. ಯಾವುದು ಎಲ್ಲಿ ಕೂರಬೇಕೆಂಬ ನಿಯಮಗಳನ್ನೂ ಫಾಂಟಿನೊಳಗೇ ಬರೆದಿಡುತ್ತಾರೆ.