ಎಷ್ಟೈತಿ, ಲೆಕ್ಕಾ ಹೇಳು

"ಸಾಲ, ಉಳಿತಾಯದ ಬಗ್ಗೆ ಹತ್ತು ನಿಮಿಷ ಮಾತಾಡಿ, ನೀವು ಎಂಟೆಕ್ ಓದಿದವರು" ಎಂದು ವೇದಿಕೆಯ ಗೆಳತಿಯರು ಕೇಳಿದಾಗ ನನಗೆ ನಗು ಬಂತು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಪುಣೆಗೆ ಬಂದಾಗಿನಿಂದ ಬೇರೆಯವರ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಪೈಸೆ ತಪ್ಪಿದರೂ ಹುಡುಕಿ ತೆಗೆಯುವುದೇ ಕೆಲಸ. ನನ್ನದೇ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟನ್ನು ಮಾತ್ರ ಎಂಟು ತಿಂಗಳು ತೆರೆದಿರಲಿಲ್ಲ. ಪಾಸ್‌ವರ್ಡ್ ಹಾಕಬೇಕಲ್ಲ ಎಂಬುದು ನೆಪ. ಒಳಗಿರುವುದನ್ನು ನೋಡಲು ಹೆದರಿಕೆ.

2021ರಲ್ಲಿ ಅಪ್ಪನ ಮೊಣಕಾಲಿನ ಆಪರೇಷನ್‌ಗೆ ಕಾರ್ಡ್ ಉಜ್ಜಿದ್ದೆ. ಆಮೇಲೆ ಫ್ರಿಜ್, ದೀಪಾವಳಿಗೆ ಫೋನು. 'ಮಿನಿಮಮ್ ಡ್ಯೂ' ಕಟ್ಟಿಬಿಟ್ಟರೆ ಬ್ಯಾಂಕಿನಿಂದ ಕರೆ ಬರುತ್ತಿರಲಿಲ್ಲ, ಅಷ್ಟಕ್ಕೇ ನೆಮ್ಮದಿ. ಮನೆಯವರಿಗೂ ಹೇಳಿರಲಿಲ್ಲ.

ಒಂದು ರಾತ್ರಿ ಧಾರವಾಡಕ್ಕೆ ಫೋನ್ ಮಾಡಿ ಅವ್ವನ ಹತ್ತಿರ ಅತ್ತುಬಿಟ್ಟೆ. ಅವ್ವ ಸಮಾಧಾನ ಹೇಳಲಿಲ್ಲ. "ಎಷ್ಟೈತಿ, ಲೆಕ್ಕಾ ಹೇಳು" ಅಂದಳು.

"ಲಕ್ಷದ ಮ್ಯಾಲ ಇರಬೇಕವಾ."

"ಇರಬೇಕು ಅಂದ್ರ? ಸಾಲಾ ಮಾಡಿದಾಕಿ ನೀನೋ, ಮತ್ತ್ಯಾರೋ?"

ಅವ್ವ ಕಲಿತದ್ದು ಏಳನೇ ಇಯತ್ತೆ. ಕಿರಾಣಿ ಅಂಗಡಿಯ ಉದ್ರಿ, ಭಿಶಿಯ ಕಂತು, ಸಾಸಿವೆ ಡಬ್ಬಿಯೊಳಗಿನ ನೋಟು, ಎಲ್ಲ ಲೆಕ್ಕವೂ ಅವಳ ನಾಲಿಗೆಯ ತುದಿಯಲ್ಲಿ. ನನಗೆ ನನ್ನ ಸಾಲದ ಮೊತ್ತವೇ ಗೊತ್ತಿರಲಿಲ್ಲ.

ಅಂದೇ ಸ್ಟೇಟ್‌ಮೆಂಟ್ ತೆರೆದೆ. ಬಾಕಿ 1,20,000 ರೂಪಾಯಿ. ತಿಂಗಳಿಗೆ ಶೇ. 3.5 ಬಡ್ಡಿ, ಅಂದರೆ 4,200. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 756. ನಾನು ಕಟ್ಟಿದ್ದ 6,000ದಲ್ಲಿ ಅಸಲಿಗೆ ಸೇರಿದ್ದು 1,044 ಮಾತ್ರ. ಇನ್ನೊಂದು ವಿಷಯವೂ ಆಗಲೇ ತಿಳಿದದ್ದು: ಹಳೆ ಬಾಕಿ ಉಳಿಸಿಕೊಂಡರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕಾರ್ಡಿನಲ್ಲಿ ತಂದ ತೊಗರಿಬೇಳೆಗೂ ಬೇಯುವ ಮೊದಲೇ ಬಡ್ಡಿ!

ಮುಂದಿನ ವಾರ ಅವ್ವ ತನ್ನ ನಾಲ್ಕು ಬಂಗಾರದ ಬಳೆ ಸೆರಗಿನಲ್ಲಿ ಕಟ್ಟಿಕೊಂಡು ರೈಲು ಹತ್ತಿ ಬಂದಳು. ಅವಳ ಮುಂದೆಯೇ ಮನೆಯವರಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗ್ಯಾಕೆ ಹೇಳಲಿಲ್ಲ?" ಅಂದರು. ಉತ್ತರ ಇರಲಿಲ್ಲ.

ಬಳೆ ಒತ್ತೆ ಇಟ್ಟು ವರ್ಷಕ್ಕೆ ಶೇ. 10ರ ಸಾಲ ತೆಗೆದು, ವರ್ಷಕ್ಕೆ ಶೇ. 42ರ ಸಾಲ ತೀರಿಸಿದೆವು. ಬಂಗಾರ ಒತ್ತೆ ಇಡಿ ಎಂದು ನಾನು ಹೇಳುತ್ತಿಲ್ಲ. ಇಟ್ಟ ಮೇಲೆ ಕಾರ್ಡನ್ನೂ ಮತ್ತೆ ಉಜ್ಜಿದರೆ ಒಂದಿದ್ದ ಸಾಲ ಎರಡಾಗುತ್ತದೆ. ಬಳೆ ಬಿಡಿಸಲು 14 ತಿಂಗಳು ಹಿಡಿಯಿತು. ಅಷ್ಟು ದಿನ ಮದುವೆ ಮುಂಜಿಗೆ ಹೋದಾಗ ಬಂಗಾರವಿಲ್ಲದ ಕೈ ನೋಡಿ ಕೇಳಿದವರಿಗೆ ಅವ್ವ ಏನು ಹೇಳಿದಳೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಆಮೇಲೆ ಮನೆ ಸಾಲದ ಕಾಗದ ಹೊರಬಂದವು. "ಅದನ್ನೆಲ್ಲ ನಮ್ಮನೆಯವರೇ ನೋಡ್ತಾರೆ" ಅನ್ನುತ್ತಿದ್ದವಳು ನಾನು. ನಮ್ಮಲ್ಲಿ ಎಷ್ಟೋ ಜನ ಸಹ-ಅರ್ಜಿದಾರರಾಗಿ ಸಹಿ ಹಾಕಿ ಮರೆತಿದ್ದೇವೆ. ಆ ಸಹಿ ಅರ್ಧ ಸಾಲಕ್ಕಲ್ಲ, ಪೂರ್ತಿ ಸಾಲಕ್ಕೆ. ನಮ್ಮದು 2019ರ ಸಾಲ: 40 ಲಕ್ಷ, ಶೇ. 8.5, 20 ವರ್ಷ, ಕಂತು 34,713. ಮೊದಲ ಕಂತಿನಲ್ಲಿ ಬಡ್ಡಿಯೇ 28,333, ಅಸಲು 6,380. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿದಾಗ ನಮ್ಮ ಕಂತು ಏರಲಿಲ್ಲ, ಕಂತುಗಳ ಸಂಖ್ಯೆ ಏರಿತ್ತು. ನಾವಿಬ್ಬರೂ ನೋಡಿರಲಿಲ್ಲ.

ನಮ್ಮಂಥವರ ಫ್ಲೋಟಿಂಗ್ ದರದ ಮನೆ ಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಶುರುವಿನಿಂದ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದ್ದರೆ 20 ವರ್ಷದ ಇಂಥ ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ಮುಗಿಯುತ್ತದೆ. ನಾವು ತಡವಾಗಿ ಶುರು ಮಾಡಿದೆವು. ಬೋನಸ್ ಬಂದಾಗ ಕಟ್ಟುತ್ತೇವೆ. ಕಟ್ಟುವಾಗ "ಕಂತು ಇಳಿಸಬೇಡಿ, ಅವಧಿ ಇಳಿಸಿ" ಎಂದು ಬರೆದು ಕೊಡಿ. ಬಾಯಿಮಾತು ಸಾಲದು, ನಮಗೆ ಅನುಭವವಾಗಿದೆ.

ಸಾಲ ಇನ್ನೂ ಇದೆ. ಪ್ರತಿ ತಿಂಗಳು ಕಂತು ಹೋದ ಮರುದಿನ ಅವ್ವನ ಫೋನ್ ಬರುತ್ತದೆ. "ಎಷ್ಟ ಉಳೀತು?" ಮೊನ್ನೆ ಒಗ್ಗರಣೆ ಹಾಕುತ್ತಾ ನಿಂತಲ್ಲೇ ಹೇಳಿದೆ: 31 ಲಕ್ಷ 84 ಸಾವಿರ. "ಹೂಂ" ಅಂದು ಫೋನ್ ಇಟ್ಟಳು.