ನೀತಿವಂತ ಜೋಸೆಫರು ಮತ್ತು ನಮ್ಮ ಬಾಕಿ

(ಮಾರ್ಚ್ 19, ಸಂತ ಜೋಸೆಫರ ಮಹೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ತಪಸ್ಸುಕಾಲದ ನಡುವೆ ಧರ್ಮಸಭೆ ನಮಗೆ ಇಂದು ಹಬ್ಬದ ಸಂತೋಷವನ್ನು ಕೊಟ್ಟಿದೆ. ನೇರಳೆ ಬಣ್ಣದ ಪೂಜಾವಸ್ತ್ರ ಇವತ್ತೊಂದು ದಿನ ಬಿಳಿಯಾಗಿದೆ. ಒಂಬತ್ತು ದಿನಗಳ ನವೇನವನ್ನು ಭಕ್ತಿಯಿಂದ ಮುಗಿಸಿದ್ದೇವೆ. ಹೊರಗೆ ತೇರು ಸಿಂಗಾರಗೊಂಡು ನಿಂತಿದೆ. ಆ ತೇರಿನ ವಿಷಯವಾಗಿಯೇ ನಾವು ಇಂದು ಒಂದು ಮಾತು ಹೇಳಬೇಕಾಗಿದೆ. ಅದಕ್ಕೆ ಮುಂಚೆ ನಮ್ಮ ಪಾಲಕ ಸಂತರನ್ನು ಸ್ವಲ್ಪ ಹೊತ್ತು ಧ್ಯಾನಿಸೋಣ.

ನಾಲ್ಕೂ ಶುಭಸಂದೇಶಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ನಮಗೆ ಸಿಗುವುದಿಲ್ಲ. ಮಾತೆ ಮರಿಯಮ್ಮನವರ ಸ್ತುತಿಗೀತೆ ಇದೆ, ಜಕರೀಯನ ಹಾಡು ಇದೆ, ವೃದ್ಧ ಸಿಮೆಯೋನನ ಪ್ರಾರ್ಥನೆ ಇದೆ. ಜೋಸೆಫರದು ಮಾತ್ರ ಏನೂ ಇಲ್ಲ. ಆದರೂ ಸಂತ ಮತ್ತಾಯರು ಅವರನ್ನು ನೀತಿವಂತ ಎಂದು ಕರೆದಿದ್ದಾರೆ. ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು, ಅಬ್ರಹಾಮನ ವಿಶ್ವಾಸವನ್ನೇ ದೇವರು ನೀತಿಯೆಂದು ಎಣಿಸಿದರು ಎಂದು ಹೇಳುತ್ತಾರೆ. ವಿಶ್ವಾಸ ಬೇರಿನ ಹಾಗೆ ಒಳಗಿರುತ್ತದೆ. ಊರಿನವರಿಗೆ ಕಾಣುವುದು ಫಲ. ಜೋಸೆಫರ ವಿಶ್ವಾಸ ಎಂಥದು ಎಂದು ತಿಳಿಯಬೇಕಾದರೆ ಅವರ ನಡತೆಯನ್ನೇ ನೋಡಬೇಕು.

ಮರಿಯಮ್ಮನವರು ಗರ್ಭವತಿಯಾಗಿದ್ದಾರೆಂದು ತಿಳಿದಾಗ ಅವರ ಮನಸ್ಸಿಗೆ ಎಷ್ಟು ನೋವಾಗಿರಬೇಕು! ಹತ್ತು ಜನರ ಮುಂದೆ ಆ ನೋವನ್ನು ತೋಡಿಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ದೇವದೂತನ ಮಾತು ಕೇಳುವುದಕ್ಕೂ ಮೊದಲೇ, ಒಬ್ಬ ಹೆಣ್ಣುಮಗಳ ಮಾನವನ್ನು ಬೀದಿಗೆ ಎಳೆಯಬಾರದೆಂದು ತೀರ್ಮಾನಿಸಿದ್ದರು. ಪೂಜೆ ಮುಗಿಸಿ ಬಾಗಿಲು ದಾಟುವ ಮೊದಲೇ ಪಕ್ಕದ ಮನೆಯವರ ವಿಷಯ ಮಾತಾಡತೊಡಗುವ ನಮಗೆ ಇದೊಂದು ಪಾಠ ಸಾಕು.

ಮಗುವಿನ ಪ್ರಾಣಕ್ಕೆ ಅಪಾಯವಿದೆ ಎಂದು ಕನಸಿನಲ್ಲಿ ತಿಳಿದಾಗ ಬೆಳಗಾಗಲಿ ನೋಡೋಣ ಎನ್ನಲಿಲ್ಲ. ರಾತ್ರಿಯೇ ಎದ್ದು, ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿನ ದಾರಿ ಹಿಡಿದರು.

ಹಿಂದಿರುಗಿ ನಜರೇತಿನಲ್ಲಿ ನೆಲೆಸಿ ದುಡಿದು ತಿಂದರು. ಯೇಸುಸ್ವಾಮಿಯನ್ನು ಊರಿನವರು ಬಡಗಿಯ ಮಗ ಎಂದೇ ಗುರುತಿಸುತ್ತಿದ್ದರು. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎಂದು ಯಾಜಕಕಾಂಡ ಆಜ್ಞಾಪಿಸುತ್ತದೆ. ಸೂರ್ಯ ಮುಳುಗುವ ಮೊದಲೇ ಕೊಡಬೇಕು, ಏಕೆಂದರೆ ಅವನು ಬಡವ, ಅದನ್ನೇ ನಂಬಿಕೊಂಡಿರುತ್ತಾನೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ದ್ರಾಕ್ಷಿತೋಟದ ಸಾಮತಿಯಲ್ಲಿ ಯಜಮಾನನು ಸಂಜೆಯಾದ ಕೂಡಲೇ ಆಳುಗಳನ್ನು ಕರೆಸಿ ಕೂಲಿ ಕೊಡಿಸುತ್ತಾನೆ. ಬಡಗಿಯ ಮನೆಯಲ್ಲಿ ಬೆಳೆದ ಯೇಸುವಿಗೆ ಸಂಜೆಯ ಕೂಲಿಯ ಬೆಲೆ ಗೊತ್ತಿತ್ತು.

ಧರ್ಮಸಭೆಯೂ ಇದನ್ನು ಮರೆತಿಲ್ಲ. 1870ರಲ್ಲಿ ಜಗದ್ಗುರು ಒಂಬತ್ತನೆಯ ಪಿಯುಸ್ ಅವರು ಸಂತ ಜೋಸೆಫರನ್ನು ವಿಶ್ವ ಧರ್ಮಸಭೆಯ ಪಾಲಕರೆಂದು ಘೋಷಿಸಿದರು. 1891ರಲ್ಲಿ ಹದಿಮೂರನೆಯ ಲಿಯೋ ಅವರು ತಮ್ಮ ವಿಶ್ವಪತ್ರದಲ್ಲಿ, ದುಡಿದವನಿಗೆ ಸಲ್ಲಬೇಕಾದ ಕೂಲಿಯನ್ನು ವಂಚಿಸುವುದು ಮಹಾಪಾಪ ಎಂದು ಸಾರಿದರು. 1955ರಲ್ಲಿ ಹನ್ನೆರಡನೆಯ ಪಿಯುಸ್ ಅವರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದರು.

ಪ್ರಿಯರೇ, ಈಗ ನಮ್ಮ ತೇರಿನ ವಿಷಯ. ಕಳೆದ ವರ್ಷ ಹಬ್ಬಕ್ಕೆ ಮೊದಲು ತೇರಿನ ಎರಡು ಗಾಲಿಗಳು ಶಿಥಿಲವಾಗಿದ್ದುದು ನಿಮಗೆ ನೆನಪಿರಬಹುದು. ನಮ್ಮ ಊರಿನ ಆಚಾರಿಯೊಬ್ಬರು ಹಗಲು ರಾತ್ರಿ ಕೂತು ಅವನ್ನು ಸರಿಮಾಡಿಕೊಟ್ಟರು. ಅವರು ನಮ್ಮ ವಿಶ್ವಾಸಕ್ಕೆ ಸೇರಿದವರಲ್ಲ. ಮಾತಾಡಿದ್ದು 14,000 ರೂಪಾಯಿ, ಮುಂಗಡ ಕೊಟ್ಟಿದ್ದು 8,000. ಹಬ್ಬ ವಿಜೃಂಭಣೆಯಿಂದ ನಡೆಯಿತು. ಬ್ಯಾಂಡ್‌ಸೆಟ್ಟಿನವರಿಗೆ ಅದೇ ರಾತ್ರಿ ಹಣ ಕೊಟ್ಟೆವು, ಕೊಡದಿದ್ದರೆ ಅವರು ಜಾಗ ಬಿಟ್ಟು ಹೋಗುತ್ತಿರಲಿಲ್ಲ. ದೀಪಾಲಂಕಾರದವರಿಗೂ ಮರುದಿನವೇ ಕೊಟ್ಟೆವು. ಆಚಾರಿ ಗಲಾಟೆ ಮಾಡುವವರಲ್ಲ. ಆದ್ದರಿಂದ ಅವರ 6,000 ರೂಪಾಯಿ ಹಾಗೆಯೇ ಉಳಿಯಿತು. ಮೂರು ಸಲ ಬಂದು ಕೇಳಿದರು. ಲೆಕ್ಕ ಆಗಲಿ ಎಂದೆವು, ಸಮಿತಿ ಸೇರಲಿ ಎಂದೆವು, ಕ್ರಿಸ್ಮಸ್ ಮುಗಿಯಲಿ ಎಂದೆವು. ಆಮೇಲೆ ಅವರು ಬರುವುದನ್ನೇ ಬಿಟ್ಟರು.

ಈ ಸಲದ ಹಬ್ಬದ ಸಿದ್ಧತೆಗೆ ಹಳೆಯ ಲೆಕ್ಕದ ಪುಸ್ತಕ ತೆಗೆದಾಗ ಆ ಬಾಕಿ ನಮ್ಮ ಕಣ್ಣಿಗೆ ಬಿತ್ತು. ಹಣ ತೆಗೆದುಕೊಂಡು ಅವರ ಮನೆಗೆ ಹೋದೆವು. ಕುರ್ಚಿ ಹಾಕಿ, ಕಾಫಿ ಕೊಟ್ಟರು. ಯಾಕೆ ಮತ್ತೆ ಕೇಳಲು ಬರಲಿಲ್ಲ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ನಿಮ್ಮ ಸಂತರೂ ನಮ್ಮ ಕಸುಬಿನವರೇ ಅಂತಾರಲ್ಲ ಸ್ವಾಮಿ. ಅವರ ತೇರಿನ ಕೂಲಿಗೆ ಜಗಳ ಆಡೋಕೆ ಮನಸ್ಸಾಗಲಿಲ್ಲ." ಮಗಳ ಕಾಲೇಜು ಶುಲ್ಕ ಕಟ್ಟಲು ಹೆಂಡತಿಯ ಓಲೆ ಅಡವಿಟ್ಟಿದ್ದ ವಿಷಯ ಅವರಾಗಿ ಹೇಳಲಿಲ್ಲ. ಬಾಗಿಲವರೆಗೆ ಬಂದ ಅವರ ತಾಯಿ ಹೇಳಿದರು.

ನಾವು ತಲೆತಗ್ಗಿಸಿ ಬಂದೆವು. ಈ ತಪ್ಪಿನಲ್ಲಿ ಮೊದಲ ಪಾಲು ಬಲಿಪೀಠದ ಬಳಿ ನಿಂತು ನಿಮಗೆ ಬೋಧಿಸುವ ನಮ್ಮದೇ. ಬಡಗಿಯ ಬಾಕಿ ಉಳಿಸಿಕೊಂಡು ಬಡಗಿ ಸಂತರ ತೇರು ಎಳೆದೆವು. ಒಂಬತ್ತು ದಿನ ನವೇನ ಹೇಳಿದ ಬಾಯಿಯಲ್ಲೇ ನಾಳೆ ಬಾ ಎಂದೆವು. ಹಣ ಕೊಟ್ಟದ್ದಾಯಿತು, ಕ್ಷಮೆ ಕೇಳಿದ್ದೂ ಆಯಿತು. ಆದರೆ ಅಷ್ಟು ತಿಂಗಳ ಅವರ ಕಷ್ಟವನ್ನು ಹಿಂದಕ್ಕೆ ತೆಗೆದುಕೊಳ್ಳಲು ನಮ್ಮಿಂದಾಗುವುದಿಲ್ಲ. ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ನಾವು ಅಷ್ಟು ಮಾಡಲಿಲ್ಲ. ಪಾಲನಾ ಸಮಿತಿಯ ಒಪ್ಪಿಗೆ ಪಡೆದು, ಆ ಓಲೆಯ ಮೇಲೆ ಅವರು ಕಟ್ಟಿದ ಬಡ್ಡಿಯನ್ನು ಪಟಾಕಿಗೆಂದು ತೆಗೆದಿರಿಸಿದ್ದ ಹಣದಿಂದ ಕೊಟ್ಟೆವು. ಇಂದು ಸಂಜೆ ಪಟಾಕಿ ಕಡಿಮೆಯಾಯಿತೆಂದು ಯಾರೂ ಬೇಸರಿಸಬೇಡಿ.

ಈಗ ನಮ್ಮ ನಮ್ಮ ಮನೆಯ ಲೆಕ್ಕದ ಪುಸ್ತಕವನ್ನೂ ತೆರೆಯೋಣ. ಮನೆಗೆಲಸದ ಹೆಣ್ಣುಮಗಳು ಜ್ವರ ಬಂದು ಎರಡು ದಿನ ಬರದಿದ್ದರೆ ಸಂಬಳ ಹಿಡಿಯುತ್ತೇವೆಯೇ? ಅಂಗಡಿಯವರೇ, ತಕ್ಕಡಿ ಸರಿಯಾಗಿದೆಯೇ? ದರ್ಜಿಯವರ ಬಾಕಿ, ಹಾಲಿನವರ ಬಾಕಿ ತೀರಿದೆಯೇ? ತಂದೆಯ ಆಸ್ತಿಯಲ್ಲಿ ತಂಗಿಗೆ ಸಲ್ಲಬೇಕಾದದ್ದು ಸಂದಿದೆಯೇ? ಮಕ್ಕಳೇ, ಪರೀಕ್ಷೆಯ ಕಾಲ ಇದು. ಕೊರಳಲ್ಲಿ ಶಿಲುಬೆ, ಜೇಬಿನಲ್ಲಿ ಕಾಪಿ ಚೀಟಿ, ಎರಡೂ ಒಟ್ಟಿಗೆ ಇರಬಾರದು. ಕ್ರಿಯೆಯಿಲ್ಲದ ವಿಶ್ವಾಸ ಸತ್ತದ್ದು ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ. ನಮ್ಮ ಊರಿನಲ್ಲಿ ಬೈಬಲ್ ಓದದವರು ಬಹಳ ಮಂದಿ ಇದ್ದಾರೆ. ಅವರು ನಮ್ಮ ವ್ಯವಹಾರದಿಂದಲೇ ಯೇಸುಸ್ವಾಮಿಯನ್ನು ಅರಿಯುತ್ತಾರೆ.

ಪಾಪನಿವೇದನೆಯಲ್ಲಿ ಹೇಳಿಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ, ಅದನ್ನು ಕೊಟ್ಟೇ ತೀರಿಸಬೇಕು. ಈ ತಪಸ್ಸುಕಾಲ ಮುಗಿಯುವುದರೊಳಗೆ ಪ್ರತಿಯೊಂದು ಕುಟುಂಬವೂ ಇಂಥ ಒಂದು ಬಾಕಿಯನ್ನಾದರೂ ತೀರಿಸಲಿ. ಹಣದ ಬಾಕಿ ಇಲ್ಲದವರು ಕ್ಷಮೆಯ ಬಾಕಿಯನ್ನು ತೀರಿಸಲಿ.

ನಿನ್ನೆ ಸಂಜೆ ಯಾರೂ ಕರೆಯದೆ ಆ ಆಚಾರಿ ಬಂದು, ತೇರಿನ ಕಡಾಣಿಗಳನ್ನು ಒಂದೊಂದಾಗಿ ತಟ್ಟಿ ನೋಡಿ ಹೋದರು. ಮೆರವಣಿಗೆಯಲ್ಲಿ ಹಗ್ಗಕ್ಕೆ ಕೈ ಹಚ್ಚುವಾಗ ಅವರ ಕುಟುಂಬಕ್ಕಾಗಿಯೂ ಪ್ರಾರ್ಥಿಸೋಣ.

ನೀತಿವಂತರಾದ ಸಂತ ಜೋಸೆಫರೇ, ನಮ್ಮ ನಾಲಿಗೆಯನ್ನೂ ಕೈಗಳನ್ನೂ ತಕ್ಕಡಿಗಳನ್ನೂ ಕಾಪಾಡಿರಿ. ನಮಗಾಗಿ ಪ್ರಾರ್ಥಿಸಿರಿ. ಆಮೆನ್.