ಗರ್ಬರ್ ಕಳಿಸೋ ಮುಂಚೆ ಡ್ರಿಲ್ ಫೈಲ್ ನೋಡಿ

ಕೈಕ್ಯಾಡ್‌ನಲ್ಲಿ ಬೋರ್ಡ್ ಡಿಸೈನ್ ಮುಗೀತು, ಪ್ರಾಜೆಕ್ಟ್ ಸಬ್ಮಿಟ್ ಮಾಡೋಕೆ ಎರಡೇ ವಾರ ಇದೆ, ಇನ್ನು ಆರ್ಡರ್ ಹಾಕೋದಷ್ಟೇ ಅಂತ ಕೂತಿದ್ದೀರಾ? ಸ್ವಲ್ಪ ತಡೀರಿ. ಫ್ಯಾಕ್ಟರಿಯ ಮಷಿನ್ ನಿಮ್ಮ ಡಿಸೈನ್ ನೋಡಲ್ಲ, ನೀವು ಎಕ್ಸ್‌ಪೋರ್ಟ್ ಮಾಡಿದ ಫೈಲ್ ಮಾತ್ರ ಓದುತ್ತೆ.

ಗರ್ಬರ್ ಈಗ ಅಷ್ಟು ತಲೆನೋವಲ್ಲ. ಹಳೇ ಆರ್‌ಎಸ್-274-ಡಿಯಲ್ಲಿ ಗೆರೆಯ ದಪ್ಪ, ಪ್ಯಾಡಿನ ಆಕಾರ ಎಲ್ಲ ಬೇರೆ ಫೈಲಲ್ಲಿ ಇರ್ತಿತ್ತು. 274-ಎಕ್ಸ್ ಅಥವಾ 2014ರಲ್ಲಿ ಬಂದ ಎಕ್ಸ್2 ಆದರೆ ಎಲ್ಲವೂ ಒಳಗೇ.

ಕಿತಾಪತಿ ಇರೋದು ಡ್ರಿಲ್ ಫೈಲಲ್ಲಿ. ಎಕ್ಸೆಲಾನ್ ಫಾರ್ಮ್ಯಾಟ್‌ನಲ್ಲಿ ದಶಾಂಶ ಬಿಂದು ಇಲ್ಲದೆಯೂ ಅಂಕಿ ಬರೀಬಹುದು. 3:3 ಅಂದ್ರೆ ಬಿಂದುವಿನ ಎಡಕ್ಕೆ 3, ಬಲಕ್ಕೆ 3. ಹಾಗಾಗಿ 15 ಮಿಲಿಮೀಟರ್ ಅನ್ನೋದು 015000. ಕೊನೆಯ ಸೊನ್ನೆಗಳನ್ನು ಬಿಟ್ಟು ಬರೆದರೆ 015. ಅದನ್ನೇ ಮಷಿನ್, ಬಿಟ್ಟಿರೋದು ಮೊದಲಿನ ಸೊನ್ನೆ ಅಂದುಕೊಂಡು ಓದಿದರೆ? 0.015 ಮಿಲಿಮೀಟರ್! ತೂತುಗಳೆಲ್ಲ ಒಂದೇ ಮೂಲೆಯಲ್ಲಿ ಸಂತೆ ಸೇರುತ್ತವೆ. ಒಳ್ಳೆ ಫ್ಯಾಕ್ಟರಿಯವರು ಗಮನಿಸಿ ಮೇಲ್ ಹಾಕಬಹುದು. ಅದನ್ನೇ ನಂಬಿ ದುಡ್ಡು ಕಟ್ಟೋದು ಬೇಡಪ್ಪ.

ಡೆಸಿಮಲ್ ಫಾರ್ಮ್ಯಾಟ್, ಮಿಲಿಮೀಟರ್ ಆರಿಸಿ. ಗರ್ಬರ್‌ಗೂ ಡ್ರಿಲ್‌ಗೂ ಒಂದೇ ಒರಿಜಿನ್ ಇರಲಿ. ಎಡ್ಜ್ ಕಟ್ಸ್ ಲೇಯರ್ ಟಿಕ್ ಆಗಿದೆಯಾ ನೋಡಿ, ಬೋರ್ಡಿನ ಅಂಚು ಅದರಲ್ಲೇ ಇರೋದು. ಪ್ಲಾಟ್ ವಿಂಡೋದಲ್ಲಿ ಡ್ರಿಲ್ ಫೈಲಿಗೆ ಬೇರೆ ಬಟನ್ ಇದೆ, ತುಂಬಾ ಜನ ಅದನ್ನು ಒತ್ತೋದೇ ಇಲ್ಲ. ಜಿಪ್ ಮಾಡೋ ಮುಂಚೆ ಗರ್ಬ್‌ವ್ಯೂನಲ್ಲಿ ಫೈಲ್‌ಗಳನ್ನು ಒಂದರ ಮೇಲೊಂದು ತೆರೆದು ಜೂಮ್ ಮಾಡಿ. ಪ್ಯಾಡಿನ ನಟ್ಟನಡುವೆ ತೂತು ಕೂತಿದ್ದರೆ ಆರ್ಡರ್ ಹಾಕಿ.